ಚಿರೋಟಿಗೆ ಏನು ಬಡಿಸೋಣ?



ಈ ಪುಟಗಳಲ್ಲಿ ಸಾಮಾನ್ಯವಾಗಿ ಹಬ್ಬದ ವರದಿ, ಪ್ರವಾಸದ ಅನುಭವ, ನಗೆಹನಿ, ಆಗೊಮ್ಮೆ ಈಗೊಮ್ಮೆ ಒಂದಿಷ್ಟು ವೇದಾಂತ ಬರುತ್ತವೆ. ನಾನು ಬರೆಯಹೊರಟಿರುವುದು ಎರೆಹುಳದ ವಿಷಯ. ಸಂಪಾದಕರು ಮೊದಲು ಹುಬ್ಬೇರಿಸಿದರು, ಆಮೇಲೆ "ಬರೆದು ಕೊಡಿ, ನೋಡೋಣ" ಎಂದರು. ಊಟದ ಮೇಜಿನ ಮುಂದೆ ಇದನ್ನು ಓದುತ್ತಿರುವವರು ದಯವಿಟ್ಟು ಊಟ ಮುಗಿಸಿಕೊಂಡು ಮುಂದುವರಿಸಬೇಕಾಗಿ ವಿನಂತಿ.

ನಮ್ಮ ಮನೆಯಲ್ಲಿ ಎರಡೂವರೆ ವರ್ಷಗಳಿಂದ ಒಂದು ಆಕ್ಸಲಾಟಲ್ ಇದೆ. ಇಲ್ಲಿ ಮೆಲ್ಬರ್ನಿನ ಅಂಗಡಿಗಳಲ್ಲಿ ಇದನ್ನು "ಮೆಕ್ಸಿಕನ್ ವಾಕಿಂಗ್ ಫಿಶ್" ಎಂದು ಕರೆದು ಮಾರುತ್ತಾರೆ. ಹೆಸರು ಪೂರ್ತಿ ಸುಳ್ಳು. ಅದು ಮೀನಲ್ಲ, ಕಪ್ಪೆಗೆ ದೂರದ ನೆಂಟನಾದ ಸಾಲಮಾಂಡರ್ ಜಾತಿಯ ಉಭಯಚರ. ಕಪ್ಪೆಯ ಗೊದಮೊಟ್ಟೆ ದೊಡ್ಡದಾದ ಮೇಲೆ ಕಿವಿರು ಕಳೆದುಕೊಂಡು ದಡ ಹತ್ತುತ್ತದಷ್ಟೆ? ಇದು ದಡ ಹತ್ತುವ ಗೋಜಿಗೇ ಹೋಗುವುದಿಲ್ಲ. ಗರಿಯಂತಹ ಕಿವಿರುಗಳನ್ನು ತಲೆಯ ಎರಡೂ ಕಡೆ ಹರಡಿಕೊಂಡು, ಮಗುವಿನ ರೂಪದಲ್ಲೇ ಪ್ರಾಯಕ್ಕೆ ಬಂದು, ಮೊಟ್ಟೆಯಿಟ್ಟು, ಹತ್ತು ಹದಿನೈದು ವರ್ಷ ನೀರಿನ ತಳದಲ್ಲಿ ನಡೆದಾಡಿಕೊಂಡು ಬಾಳುತ್ತದೆ. 2021ರಲ್ಲಿ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ಇದು ಕಾಣಿಸಿಕೊಂಡ ಮೇಲೆ ನಮ್ಮ ಮಕ್ಕಳ ಹುಟ್ಟುಹಬ್ಬದ ಬೇಡಿಕೆಗಳಲ್ಲಿ ಇದರ ಹೆಸರು ಸೇರಿಕೊಂಡಿತು. ನಮ್ಮ ಮನೆಯದು ಬಿಳಿ ಮೈ, ನಸುಗೆಂಪು ಕಿವಿರು. ಪದರ ಪದರವಾಗಿ ಕಂಡದ್ದರಿಂದ ಮಗಳು ಅದಕ್ಕೆ ಚಿರೋಟಿ ಎಂದು ಹೆಸರಿಟ್ಟಳು. ಮದುವೆ ಮನೆಯ ಊಟವನ್ನು ಇವಳು ಮರೆತಿಲ್ಲವಲ್ಲ ಎಂದು ನಮ್ಮ ಯಜಮಾನರಿಗೆ ಸಂತೋಷವೋ ಸಂತೋಷ.

ಆದರೆ ಚಿರೋಟಿ ಎಂಬ ಹೆಸರಿನ ಈ ಪ್ರಾಣಿ ಅಪ್ಪಟ ಮಾಂಸಾಹಾರಿ. ಸೊಪ್ಪು, ತರಕಾರಿ, ಅನ್ನ, ಯಾವುದೂ ಅದಕ್ಕೆ ಆಹಾರವೇ ಅಲ್ಲ. ಹುಟ್ಟೂರಿನ ಕೆರೆಗಳಲ್ಲಿ ಹುಳು, ಕೀಟಗಳ ಮರಿ, ಸಣ್ಣ ಸೀಗಡಿಯಂಥವು, ಬಸವನಹುಳು, ಪುಟ್ಟ ಮೀನು ಇವನ್ನೇ ತಿಂದು ಬಂದ ಕುಲ. ಬಾಯಲ್ಲಿರುವ ಚೂರುಪಾರು ಹಲ್ಲು ಹಿಡಿಯುವುದಕ್ಕೆ ಮಾತ್ರ, ಅಗಿಯುವುದಕ್ಕಲ್ಲ. ಮುಂದೆ ಏನಾದರೂ ಅಲುಗಾಡಿದರೆ ಬಾಯಿ ಫಕ್ಕನೆ ತೆರೆಯುತ್ತದೆ, ನೀರಿನ ಜೊತೆಗೆ ಬೇಟೆಯೂ ಒಳಗೆ ಸೆಳೆದುಹೋಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಸಂಘದಲ್ಲಿ ಕೋಳಿ ಸಾರು, ಮೀನು ಸಾರು ಮಾಡುವ ಮನೆಗಳು ಎಷ್ಟೋ ಇವೆ, ಅವರಿಗೆ ಈ ಪ್ರಶ್ನೆ ನಮಗೆ ಬಂದಂತೆ ಬರದಿರಬಹುದು. (ಅವರಿಗೂ ಒಂದು ಮಾತು: ಉಳಿದ ಕೋಳಿ ಸಾರಿನ ತುಂಡು ಇದಕ್ಕೆ ಹಾಕಬೇಡಿ. ಉಪ್ಪು ಖಾರದ ಮಾತು ಹಾಗಿರಲಿ, ಕೋಳಿ ಕುರಿಗಳ ಮಾಂಸವನ್ನು ಅರಗಿಸಿಕೊಳ್ಳಲು ಆದ ಹೊಟ್ಟೆಯೇ ಅದಲ್ಲ.) ಹಾಸನದಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ನಮ್ಮ ಅತ್ತೆಯವರು ಬಂದ ಮೂರನೆಯ ದಿನ ಗಾಜಿನ ತೊಟ್ಟಿಯ ಮುಂದೆ ನಿಂತು ವಿಚಾರಿಸಿದರು.

"ಇದಕ್ಕೆ ಏನಮ್ಮ ಹಾಕ್ತೀರಿ?"

"ಎರೆಹುಳ, ಅತ್ತೆ."

"ದಿನಾನೂ?"

"ವಾರಕ್ಕೆ ಮೂರು ಸಲ. ಸಲಕ್ಕೆ ಎರಡು."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಂದು ಜೀವ ಸಾಕೋದಕ್ಕೆ ಅಷ್ಟು ಜೀವ ತೆಗೀಬೇಕೇನಮ್ಮ?" ಎಂದರು. ಕೋಪವೇನೂ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎಂದೇ ಕೇಳಿದ್ದು.

ಲೆಕ್ಕ ಹಾಕಿದರೆ ವರ್ಷಕ್ಕೆ ಮುನ್ನೂರಕ್ಕೂ ಮೇಲೆ. ಹತ್ತು ವರ್ಷ ಬದುಕಿದರೆ ಮೂರು ಸಾವಿರ. ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಬಿಡುವುದು ಸುಲಭ, ನಮ್ಮ ಮನೆಗೆ ಬಂದ ಸ್ನೇಹಿತರು ಅನೇಕರು ಹಾಗೆಯೇ ಮಾಡಿದ್ದಾರೆ. ನನಗೇನೋ ಇದು ನಗುವ ಪ್ರಶ್ನೆ ಎನ್ನಿಸಿಲ್ಲ. ಅಹಿಂಸೆ ನಮ್ಮ ಮನೆಯ ನಿಯಮವಾದರೆ ಅದು ನಮ್ಮ ತಟ್ಟೆಯ ಅಂಚಿಗೇ ನಿಲ್ಲುತ್ತದೆಯೇ, ತೊಟ್ಟಿಯ ತಳದವರೆಗೂ ಇಳಿಯುತ್ತದೆಯೇ? ಇಳಿಯುವುದಾದರೆ ಅದರ ಬೆಲೆ ತೆರಬೇಕಾದವರು ಯಾರು?

ಚಿಕ್ಕಂದಿನಲ್ಲಿ ನಾವೆಲ್ಲ ಗೋವಿನ ಹಾಡು ಕೇಳಿ ಅತ್ತವರು. ಪುಣ್ಯಕೋಟಿಗಾಗಿ ಅತ್ತೆವು, ಕರುವಿಗಾಗಿ ಅತ್ತೆವು. ಅರ್ಬುದ ಎಂಬ ಆ ಹುಲಿಯ ಹಸಿವನ್ನು ವಿಚಾರಿಸಿದವರು ಎಷ್ಟು ಮಂದಿ? ಕೊನೆಯಲ್ಲಿ ಹುಲಿ ಆಕಾಶಕ್ಕೆ ನೆಗೆದು ಪ್ರಾಣ ಬಿಡುತ್ತದೆ. ಅದು ಸತ್ಯದ ಮಹಿಮೆಯನ್ನು ಹೇಳುವ ಕಥೆ, ಹುಲಿ ಸಾಕುವವರಿಗೆ ಬರೆದ ಪಾಠವಲ್ಲ. ಹುಲಿಗೆ ಮನಸ್ಸಾಕ್ಷಿ ಕೊಟ್ಟ ಕೂಡಲೇ ಅದು ಬದುಕುವಂತಿಲ್ಲ ಎಂಬುದನ್ನು ಕವಿ ಮುಚ್ಚಿಡಲೂ ಇಲ್ಲ. ಚಿರೋಟಿಗೆ ಆ ಮನಸ್ಸಾಕ್ಷಿಯ ಹೊರೆ ಇಲ್ಲ. ನಮ್ಮದನ್ನು ಅದರ ತಲೆಯ ಮೇಲೆ ಹೊರಿಸಿದರೆ ಅದು ಅರ್ಬುದನಂತೆ ನೆಗೆಯುವುದಿಲ್ಲ, ತೊಟ್ಟಿಯ ಮೂಲೆಯಲ್ಲಿ ಮೆಲ್ಲಗೆ ಸೊರಗುತ್ತದೆ, ಅಷ್ಟೆ.

ಶಿಬಿ ಚಕ್ರವರ್ತಿಯ ಕಥೆಯಲ್ಲಿ ಗಿಡುಗ ಇನ್ನೂ ಖಡಾಖಂಡಿತವಾಗಿ ಮಾತಾಡುತ್ತದೆ. ಪಾರಿವಾಳವನ್ನು ಕಾಪಾಡಿದೆ, ಸರಿ. ಅದು ನನ್ನ ಆಹಾರ, ಅದನ್ನು ಕಿತ್ತುಕೊಂಡು ನನ್ನನ್ನೂ ನನ್ನ ಸಂಸಾರವನ್ನೂ ಉಪವಾಸ ಕೆಡವುವುದು ಯಾವ ಧರ್ಮ ಎಂಬುದು ಅದರ ವಾದದ ಸಾರ. ರಾಜ ಈ ವಾದವನ್ನು ತಳ್ಳಿಹಾಕುವುದಿಲ್ಲ. ತನ್ನ ತೊಡೆಯ ಮಾಂಸವನ್ನೇ ಕೊಯ್ದು ತಕ್ಕಡಿಗೆ ಹಾಕುತ್ತಾನೆ. ಗಮನಿಸಿ, ಗಿಡುಗಕ್ಕೆ ಮೊಸರನ್ನ ಹಾಕಿ ಕಳಿಸಲಿಲ್ಲ! ದಯೆ ತೋರಿಸಬೇಕೆಂದವನು ಅದರ ಬೆಲೆಯನ್ನು ತನ್ನ ಮೈಯಿಂದ ತೆತ್ತ, ಗಿಡುಗದ ಹೊಟ್ಟೆಯಿಂದಲ್ಲ.

ಹಾಗಿದ್ದರೆ ಸಾಕುವುದೇ ಏಕೆ, ಬಿಟ್ಟುಬಿಡಿ ಎನ್ನುವವರೂ ಇದ್ದಾರೆ. ಎಲ್ಲಿ ಬಿಡುವುದು? ಇದರ ಹುಟ್ಟೂರು ಮೆಕ್ಸಿಕೋ ನಗರದ ಅಂಚಿನ ಕೆರೆಗಳು. ಚಾಲ್ಕೊ ಎಂಬುದು ಬತ್ತಿಸಲ್ಪಟ್ಟಿತು, ಸೋಚಿಮಿಲ್ಕೊ ಎಂಬುದು ಕಾಲುವೆಗಳಾಗಿ ಉಳಿದಿದೆ. ಅಲ್ಲಿ ನಡೆದ ಎಣಿಕೆಗಳಲ್ಲಿ 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6000 ಇದ್ದದ್ದು 2014ರ ಹೊತ್ತಿಗೆ ಸುಮಾರು 36ಕ್ಕೆ ಇಳಿದಿತ್ತು. ನೀರು ಕೆಟ್ಟದ್ದು ಒಂದು ಕಾರಣ. ಜನರಿಗೆ ಆಹಾರವಾಗಲಿ ಎಂದು ಹೊರಗಿನಿಂದ ತಂದು ಬಿಟ್ಟ ಕಾರ್ಪ್ ಮತ್ತು ತಿಲಾಪಿಯಾ ಮೀನುಗಳು ಇದರ ಮೊಟ್ಟೆ ಮರಿಗಳನ್ನು ತಿಂದದ್ದು ಇನ್ನೊಂದು. 2021ರಲ್ಲಿ ಮೆಕ್ಸಿಕೋ ತನ್ನ 50 ಪೆಸೊ ನೋಟಿನ ಮೇಲೆ ಇದರ ಚಿತ್ರ ಹಾಕಿತು. ಕೆರೆಯಲ್ಲಿ ಕಾಣುವುದಕ್ಕಿಂತ ಜೇಬಿನಲ್ಲಿ ಕಾಣುವುದು ಸುಲಭವಾಯಿತು. ಇತ್ತ ನಮ್ಮ ಮನೆಗಳಿಗೆ ಬರುವವು ಆ ಕೆರೆಯಿಂದ ಹಿಡಿದು ತಂದವಲ್ಲ. 1864ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿ ಆಗಸ್ಟ್ ಡ್ಯುಮೆರಿಲ್ ಅವರ ಕೈಸೇರಿದ ಬೆರಳೆಣಿಕೆಯ ಆಕ್ಸಲಾಟಲ್‌ಗಳು ತೊಟ್ಟಿಯಲ್ಲೇ ಮರಿ ಮಾಡಿ ಯುರೋಪಿನ ಪ್ರಯೋಗಾಲಯಗಳಿಗೆಲ್ಲ ಹಂಚಿಹೋದವು. ಇಂದು ಸಾಕಿರುವವುಗಳಲ್ಲಿ ಬಹುಪಾಲು ಆ ಬಳಗದ ಪೀಳಿಗೆ. ಚಿರೋಟಿಯ ಅಜ್ಜ ಮುತ್ತಜ್ಜಂದಿರು ಯಾರೂ ಕೆರೆ ಕಂಡವರಲ್ಲ. ಇಲ್ಲಿನ ಯಾರಾ ನದಿಗೆ ಬಿಟ್ಟರೆ ಅದು ನದಿಗೂ ದ್ರೋಹ, ಇದಕ್ಕೂ ದ್ರೋಹ. ಬೇಟೆಯಾಡುವ ಕೆಲಸವನ್ನು ಅದರಿಂದ ಕಿತ್ತುಕೊಂಡವರು ಮನುಷ್ಯರು, ಆದ್ದರಿಂದ ಅದರ ಪಾಲಿನ ಬೇಟೆ ಈಗ ನಮ್ಮ ತಲೆಗೇ ಬಂದಿದೆ.

ಆಜ್ಟೆಕ್ ಜನರ ಪುರಾಣದಲ್ಲಿ ಶೋಲೋತ್ಲ್ ಎಂಬ ದೇವರು ಬಲಿಯಾಗುವುದನ್ನು ತಪ್ಪಿಸಿಕೊಳ್ಳಲು ಮೊದಲು ಮೆಕ್ಕೆಜೋಳದ ಗಿಡವಾಗಿ, ಆಮೇಲೆ ಕತ್ತಾಳೆಯಾಗಿ, ಕೊನೆಗೆ ನೀರಿಗಿಳಿದು ಆಕ್ಸಲಾಟಲ್ ಆಗಿ ಅಡಗಿಕೊಂಡನಂತೆ. ಅಲ್ಲಿಯೂ ಸಿಕ್ಕಿಬಿದ್ದ. ಆ ಜನ ಆಕ್ಸಲಾಟಲನ್ನು ಅಡುಗೆ ಮಾಡಿ ತಿನ್ನುತ್ತಲೂ ಇದ್ದರು. ಈ ಕಥೆ ಓದಿದಾಗ ನನಗೆ ನೆನಪಾದದ್ದು ನಮ್ಮ ಜನ್ನ ಕವಿ. 1209ರಲ್ಲಿ ಆತ ಬರೆದ ಯಶೋಧರ ಚರಿತೆಯನ್ನು ಕಾಲೇಜಿನ ಪಠ್ಯದಲ್ಲಿ ಓದಿದವರು ನಮ್ಮಲ್ಲಿ ಕೆಲವರಾದರೂ ಇದ್ದೀರಿ. ಕೆಟ್ಟ ಕನಸಿನ ಶಾಂತಿಗಾಗಿ ಪ್ರಾಣಿಬಲಿ ಕೊಡು ಎನ್ನುತ್ತಾಳೆ ತಾಯಿ ಚಂದ್ರಮತಿ. ಮಗನಿಗೆ ಹಿಂಸೆ ಒಲ್ಲದು, ತಾಯಿಯ ಮಾತೂ ಮೀರಲಾಗದು. ಕೊನೆಗೆ ಹಿಟ್ಟಿನ ಕೋಳಿ ಮಾಡಿಸಿ ಅದನ್ನು ಬಲಿ ಕೊಡುತ್ತಾರೆ. ರಕ್ತವಿಲ್ಲ, ಪ್ರಾಣವಿಲ್ಲ, ಕೊಂದಂತೆಯೂ ಆಯಿತು ಕೊಲ್ಲದಂತೆಯೂ ಆಯಿತು! ಆದರೆ ಕವಿ ಒಪ್ಪುವುದಿಲ್ಲ. ಸಂಕಲ್ಪ ಮಾಡಿದ್ದೇ ಹಿಂಸೆ ಎಂದು ಆ ತಾಯಿ ಮಗನನ್ನು ಜನ್ಮದಿಂದ ಜನ್ಮಕ್ಕೆ ಪ್ರಾಣಿಗಳಾಗಿ ಅಲೆಸುತ್ತಾನೆ.

ಎಂಟುನೂರು ವರ್ಷದ ಹಿಂದಿನ ಆ ಹಿಟ್ಟಿನ ಕೋಳಿ ನಮ್ಮ ಮನೆಯ ಕಪಾಟಿಗೂ ಬಂದಿತ್ತು, ತಿರುಗುಮುರುಗಾದ ರೂಪದಲ್ಲಿ. ಅತ್ತೆಯವರ ಮಾತು ಕೇಳಿದ ಮೇಲೆ ನಮ್ಮ ಯಜಮಾನರು ಒಂದು ಉಪಾಯ ಹೇಳಿದರು: ಎರೆಹುಳ ಬೇಡ, ಅಂಗಡಿಯಲ್ಲಿ ಪೆಲೆಟ್ ಸಿಗುತ್ತದಲ್ಲ, ಅದನ್ನೇ ಹಾಕೋಣ. ಪೆಲೆಟ್ ಎಂದರೆ ನೀರಿನಲ್ಲಿ ಮುಳುಗುವ ಕಂದು ಬಣ್ಣದ ಗುಳಿಗೆ. ನೋಡುವುದಕ್ಕೆ ಕಾಳು ಕಾಳಾಗಿ, ಒಳ್ಳೆಯ ಸಂಭಾವಿತನಂತೆ ಇರುತ್ತದೆ. ಡಬ್ಬಿಯ ಹಿಂದಿನ ಚೀಟಿ ಓದಿದರೆ ಗೊತ್ತಾಗುತ್ತದೆ, ಮುಖ್ಯ ವಸ್ತು ಮೀನಿನ ಪುಡಿ. ಯಶೋಧರನದು ಪ್ರಾಣಿಯಂತೆ ಕಾಣುವ ಹಿಟ್ಟು, ನಮ್ಮದು ಹಿಟ್ಟಿನಂತೆ ಕಾಣುವ ಪ್ರಾಣಿ. ಎರೆಹುಳವಾದರೆ ಒಂದೋ ಎರಡೋ, ಎಣಿಸಬಹುದು, ಕಣ್ಣೆದುರಿಗೆ ನಡೆಯುತ್ತದೆ. ಗುಳಿಗೆಯಲ್ಲಿ ಎಷ್ಟು ಮೀನು, ಯಾವ ಸಮುದ್ರದ್ದು ಎಂದು ಎಣಿಸುವವರಿಲ್ಲ. ಗುಳಿಗೆಗೆ ಬದಲಾಯಿಸಿದ್ದರೆ ಜೀವಗಳೇನೂ ಉಳಿಯುತ್ತಿರಲಿಲ್ಲ, ನಮಗೆ ಕಾಣದಂತಾಗುತ್ತಿತ್ತು ಅಷ್ಟೆ. ಒಳ್ಳೆಯ ಪೆಲೆಟ್ ಆಹಾರವಾಗಿ ಕೆಟ್ಟದ್ದಲ್ಲ, ನಾವೂ ವಾರಕ್ಕೊಮ್ಮೆ ಹಾಕುತ್ತೇವೆ. ಹುಳ ಸಿಗದ ದಿನಕ್ಕೆ ಅನುಕೂಲ. ಆದರೆ ನಮ್ಮ ಮನಸ್ಸಿನ ಸಮಾಧಾನಕ್ಕೆಂದು ಅದನ್ನು ಆರಿಸಿಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ರುಚಿ ವೈವಿಧ್ಯದ ಮಾತು. ನನಗೆ ನಿಜವಾಗಿ ಹೆಚ್ಚು ಯೋಚನೆಗೆ ಹಚ್ಚಿದ್ದು ಇದು.

ನಾವು ಕನ್ನಡಿಗರು ಪ್ರೀತಿ ತೋರಿಸುವುದು ಬಡಿಸುವುದರಲ್ಲಿ. "ಇನ್ನೊಂದು ಹಾಕಿಸಿಕೊಳ್ಳಿ, ಏನೂ ಆಗೋಲ್ಲ" ಎನ್ನದೆ ಹೋದರೆ ಉಪಚಾರ ಆದಂತಲ್ಲ. ನೆಂಟರು ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ತುಪ್ಪ ಸುರಿಯುವ ಜನ. ಈ ಅಭ್ಯಾಸ ಗಾಜಿನ ತೊಟ್ಟಿಯ ಮುಂದೆ ಬಂದು ನಿಂತರೆ ಏನಾಗುತ್ತದೆ? ಪಾಪ, ದಿನಾ ಅದೇ ಹುಳ, ಅದಕ್ಕೂ ಬೇಸರ ಬರುವುದಿಲ್ಲವೇ ಎನ್ನಿಸುತ್ತದೆ. ಇವತ್ತು ಭಾನುವಾರ, ಏನಾದರೂ ಸ್ಪೆಷಲ್ ಕೊಡೋಣ ಎನ್ನಿಸುತ್ತದೆ. ಮಗಳ ಗೆಳತಿಯರು ಬಂದರೆ ಇನ್ನೊಂದು ಸಲ ಊಟ. ಚಿರೋಟಿ ಬೇಡ ಎನ್ನುವುದಿಲ್ಲ. ಎದುರು ಬಂದವರನ್ನೆಲ್ಲ ನೋಡಿ ಗಾಜಿನ ಬಳಿಗೆ ಬಂದು ಬಾಯಿ ತೆರೆಯಲು ಅದು ಬೇಗ ಕಲಿತುಬಿಟ್ಟಿದೆ. ಅದರ ಮುಖದ ರಚನೆಯೇ ನಗುತ್ತಿರುವಂತೆ. ಹಸಿದಾಗಲೂ ಅದೇ ನಗು, ಹೊಟ್ಟೆ ಬಿರಿಯುವಾಗಲೂ ಅದೇ ನಗು, ಕಾಯಿಲೆ ಬಿದ್ದಾಗಲೂ ಅದೇ ನಗು. ಆ ನಗುವನ್ನು ನಂಬಿ ಬಡಿಸಿದರೆ ಕೆಟ್ಟೆವು. ಬಲ್ಲವರು ಹೇಳುವ ಅಳತೆ ಒಂದಿದೆ: ಮೇಲಿನಿಂದ ನೋಡಿದಾಗ ಹೊಟ್ಟೆಯ ಅಗಲ ತಲೆಯ ಅಗಲದಷ್ಟಿದ್ದರೆ ಸರಿ, ಅದಕ್ಕೆ ಮೀರಿದರೆ ಊಟ ಕಡಿಮೆ ಮಾಡಬೇಕು. ಮುಖ ನೋಡಬೇಡಿ, ಹೊಟ್ಟೆ ನೋಡಿ. (ನಮ್ಮ ಸಂಘದ ಕೆಲವು ಹಿರಿಯರಿಗೂ ಈ ಅಳತೆ ಅನ್ವಯಿಸಬಹುದು, ಹೆಸರು ಹೇಳುವುದಿಲ್ಲ.)

ದೇಹಕ್ಕೆ ಬೇಕಾದ ವೈವಿಧ್ಯ ಎಷ್ಟು ಎಂದು ನೋಡಿದರೆ ಅದು ನಾವು ಊಹಿಸುವುದಕ್ಕಿಂತ ಕಡಿಮೆ. ಬೆಳೆದ ಪ್ರಾಣಿಗೆ ಎರೆಹುಳ ಬಹುಮಟ್ಟಿಗೆ ಪೂರ್ಣಾಹಾರ, ನಮಗೆ ಅನ್ನ ಸಾರು ಪಲ್ಯ ಒಂದೇ ತುತ್ತಿನಲ್ಲಿ ಸಿಕ್ಕಿದ ಹಾಗೆ. ಮರಿಯಾಗಿದ್ದಾಗ ಮಾತು ಬೇರೆ. ಆಗ ಅಲುಗಾಡುವುದನ್ನು ಬಿಟ್ಟು ಬೇರೇನೂ ಕಣ್ಣಿಗೆ ಬೀಳುವುದಿಲ್ಲ. ಉಪ್ಪುನೀರಿನ ಸೀಗಡಿಯ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ಮೊಟ್ಟೆಯೊಡೆಸಿ ದಿನವೂ ಹಾಕಬೇಕು, ಇಲ್ಲದಿದ್ದರೆ ಹಸಿದ ಒಡಹುಟ್ಟುಗಳು ಒಂದರ ಕಾಲನ್ನು ಇನ್ನೊಂದು ಕಚ್ಚಿ ತಿನ್ನುತ್ತವೆ. ಆಮೇಲೆ ಬ್ಲಡ್‌ವರ್ಮ್ ಎಂಬ ಕೆಂಪು ಮರಿಹುಳ, ಅಂಗಡಿಯಲ್ಲಿ ಮಂಜುಗಟ್ಟಿಸಿದ ಪುಟ್ಟ ಚೌಕಗಳಾಗಿ ಸಿಗುತ್ತದೆ. ಚಿರೋಟಿಗೆ ಇದೆಂದರೆ ಪ್ರಾಣ, ಆದರೆ ಅದೊಂದರಿಂದಲೇ ಬೆಳೆದ ದೇಹ ನಡೆಯದು, ನಮ್ಮ ಮಕ್ಕಳು ಚಿಪ್ಸ್ ತಿಂದಂತೆ. ಮೇಣದ ಹುಳ ಎಂಬ ಬಿಳಿಯ ಹುಳವೊಂದಿದೆ, ಬರೀ ಕೊಬ್ಬು. ಹಿಟ್ಟಿನ ಹುಳದ ಸಿಪ್ಪೆ ಗಟ್ಟಿ, ಜೀರ್ಣವಾಗದು. ಉಪ್ಪು ಹಾಕದೆ ಬೇಯಿಸಿ ಸಿಪ್ಪೆ ಸುಲಿದ ಸೀಗಡಿಯ ಒಂದು ಚೂರು ಅಪರೂಪಕ್ಕೆ ನಡೆಯುತ್ತದೆ. ಅದು ನಮ್ಮ ಅಡಿಗೆಮನೆಯಲ್ಲಿ ಬೇಯುವಂತಿಲ್ಲವಾದ್ದರಿಂದ ಪಕ್ಕದ ಮನೆಯವರು ದೊಡ್ಡ ಮನಸ್ಸು ಮಾಡಿ ಕೊಟ್ಟದ್ದುಂಟು.

ರುಚಿ ಎಂಬುದು ಅದಕ್ಕೆ ಇಲ್ಲವೆಂದಲ್ಲ. ಹಿತ್ತಲಿನ ಗೊಬ್ಬರದ ಪೆಟ್ಟಿಗೆಯಲ್ಲಿ ನಮ್ಮ ಅಡಿಗೆಮನೆಯ ಹುರುಳಿಕಾಯಿ ನಾರು, ಸೀಮೆಬದನೆ ಸಿಪ್ಪೆ ತಿಂದುಕೊಂಡು ಸಾವಿರಾರು ಕೆಂಪು ಹುಳ ಬೆಳೆದಿವೆ. ಹೊರಗಿನಿಂದ ಕೊಳ್ಳುವುದೇಕೆ, ಇದೇ ಹಾಕೋಣವೆಂದರೆ ಚಿರೋಟಿ ಬಾಯಿಗೆಳೆದುಕೊಂಡು ಮರುಕ್ಷಣವೇ ಉಗಿಯಿತು. ಆ ಜಾತಿಯ ಹುಳ ಅಪಾಯ ಬಂದಾಗ ಕಹಿಯಾದ ಹಳದಿ ದ್ರವ ಸೂಸುತ್ತದೆ, ಬಹಳ ಆಕ್ಸಲಾಟಲ್‌ಗಳಿಗೆ ಅದು ಹಿಡಿಸುವುದಿಲ್ಲ. ಎರಡನೆಯ ಸಲವೂ ಉಗಿಯಿತು. "ಹಸಿದರೆ ತಾನೇ ತಿನ್ನುತ್ತೆ ಬಿಡು" ಎಂದರು ಯಜಮಾನರು, ಇದು ನಮ್ಮ ಮಕ್ಕಳಿಗೆ ಹಾಗಲಕಾಯಿ ತಿನ್ನಿಸುವಾಗ ನಾವೇ ಆಡುವ ಮಾತು. ನಾನು ಒಪ್ಪಲಿಲ್ಲ. ಮಗುವಿಗೆ ನಾಳೆ ಕಾರಣ ವಿವರಿಸಬಹುದು, ಮಗು ಎದುರು ಮಾತಾಡಬಹುದು, ಅಜ್ಜಿಯ ಹತ್ತಿರ ದೂರು ಹೇಳಬಹುದು. ಇದಕ್ಕಿರುವುದು ಉಗಿಯುವುದೊಂದೇ ಮಾತು. ಇರುವ ಒಂದೇ ಮಾತನ್ನೂ ಕೇಳಿಸಿಕೊಳ್ಳದೆ ಹೋದರೆ ಸಾಕುವುದಕ್ಕೂ ಸೆರೆಯಿಡುವುದಕ್ಕೂ ವ್ಯತ್ಯಾಸವೇನು ಉಳಿಯಿತು? ಮರುದಿನ ಔಷಧಿ ಹೊಡೆಯದ ತೋಟದ ದಪ್ಪನೆಯ ಎರೆಹುಳ ಬಂತು, ಚಿರೋಟಿ ನುಂಗಿತು.

ಇಷ್ಟು ಹೇಳಿದ ಮೇಲೆ ಜೀವಂತ ಮೀನಿನ ವಿಷಯಕ್ಕೆ ಬರಬೇಕು. ಪುಟ್ಟ ಗಪ್ಪಿ ಮೀನುಗಳನ್ನು ತೊಟ್ಟಿಗೆ ಬಿಟ್ಟು, ಮಕ್ಕಳನ್ನು ಸುತ್ತ ಕೂರಿಸಿ, ಯಾವಾಗ ಹಿಡಿಯುತ್ತದೆ ಎಂದು ನೋಡುವ ಮನೆಗಳಿವೆ. ಪ್ರಕೃತಿಯಲ್ಲಿ ಬೇಟೆಯಾಡುತ್ತಿದ್ದ ಪ್ರಾಣಿಗೆ ಬೇಟೆಯ ಅವಕಾಶ ಕೊಡಬೇಡವೇ ಎಂಬ ಅವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅಂಗಡಿಯ ಮೀನು ರೋಗ, ಪರೋಪಜೀವಿಗಳನ್ನು ತರಬಹುದು. ಗೋಲ್ಡ್‌ಫಿಶ್‌ನಂಥವು ಥಯಾಮಿನ್ ಎಂಬ ಬಿ ಜೀವಸತ್ವವನ್ನು ನಾಶಮಾಡುವ ಅಂಶ ಹೊತ್ತಿರುತ್ತವೆ. ಇವೆಲ್ಲ ಇಲ್ಲದಿದ್ದರೂ ನಾನು ಬೇಡವೆಂದೇ ಹೇಳುತ್ತಿದ್ದೆ. ಅಲ್ಲಿ ಮೀನು ಸಾಯುವುದು ಆಕ್ಸಲಾಟಲ್‌ನ ಹಸಿವಿಗಾಗಿ ಅಲ್ಲ, ಸೋಫಾದ ಮೇಲೆ ಕೂತವರ ಕುತೂಹಲಕ್ಕಾಗಿ. ಹುಳವೂ ನೀರಿನಲ್ಲಿ ಅಲುಗಾಡುತ್ತದೆ, ಚಿರೋಟಿ ತಿರುಗಿ, ಹೊಂಚಿ, ಸೆಳೆದುಕೊಳ್ಳುತ್ತದೆ. ಅಷ್ಟು ಬೇಟೆ ಅದಕ್ಕೆ ಸಾಕು. ಅದಕ್ಕಿಂತ ಹೆಚ್ಚು ಬೇಕಾಗಿರುವುದು ನಮಗೆ.

ಹಾಗಾದರೆ ಹುಳದ ಗತಿ? ಚಾರ್ಲ್ಸ್ ಡಾರ್ವಿನ್ ತಮ್ಮ ಕೊನೆಯ ಪುಸ್ತಕವನ್ನು, 1881ರಲ್ಲಿ, ಎರೆಹುಳಗಳ ಮೇಲೆಯೇ ಬರೆದರು. ಕುಂಡಗಳಲ್ಲಿ ಹುಳಗಳನ್ನು ಸಾಕಿಕೊಂಡು ಯಾವ ಯಾವ ಎಲೆ ಇಷ್ಟ ಎಂದು ಪರೀಕ್ಷೆ ಮಾಡಿದ್ದರು. ಎಲೆಕೋಸಿಗಿಂತ ಕ್ಯಾರಟ್ ಎಲೆ ಅವಕ್ಕೆ ಹೆಚ್ಚು ಪ್ರಿಯ ಎಂದು ಕಂಡುಕೊಂಡರು. ನಾನು ಇದನ್ನು ಓದಿದ ದಿನ ಹುಳದ ಡಬ್ಬಿಯ ಮುಚ್ಚಳ ತೆಗೆಯುವಾಗ ಕೈ ಸ್ವಲ್ಪ ತಡೆಯಿತು. ಒಂದರ ರುಚಿಯನ್ನು ಇಷ್ಟು ವಿಚಾರಿಸುತ್ತಿದ್ದೇವೆ, ಇನ್ನೊಂದಕ್ಕೂ ರುಚಿ ಇದೆಯಲ್ಲ! ನೋವಿನ ಮಾತೂ ಅಷ್ಟೆ. ನಮ್ಮ ಮಿದುಳು ನೋವು ತಗ್ಗಿಸಲು ತಯಾರಿಸುವ ದ್ರವ್ಯಗಳಂಥವು ಎರೆಹುಳದ ಮೈಯಲ್ಲೂ ಸಿಕ್ಕಿವೆ. ದಪ್ಪ ಹುಳವಾದರೆ ತುಂಡು ಮಾಡಿ ಹಾಕಬೇಕಾಗುತ್ತದೆ, ಆಗ ಎಲ್ಲರೂ ಹೇಳುವ ಸಮಾಧಾನವೊಂದಿದೆ: ಹುಳವನ್ನು ಕತ್ತರಿಸಿದರೆ ಎರಡು ಹುಳ ಆಗುತ್ತೆ ಬಿಡಿ. ಆಗುವುದಿಲ್ಲ. ತಲೆಯ ಕಡೆಯ ತುಂಡು ಹೆಚ್ಚೆಂದರೆ ಬದುಕಬಹುದು, ಬಾಲದ ತುಂಡು ಹೊಸ ಹುಳವಾಗದು. ಕಳೆದುಹೋದ ಕಾಲನ್ನು ಮೂಳೆ ನರ ಸಹಿತ ಮತ್ತೆ ಬೆಳೆಸಿಕೊಳ್ಳುವ ವರ ಇರುವುದು ತಿನ್ನುವ ಚಿರೋಟಿಗೆ, ತಿನ್ನಿಸಿಕೊಳ್ಳುವ ಹುಳಕ್ಕಲ್ಲ.

ಮಹಾಭಾರತದ ಧರ್ಮವ್ಯಾಧ ಮಿಥಿಲೆಯ ಮಾಂಸದಂಗಡಿಯಲ್ಲಿ ಕುಳಿತು, ತನ್ನಲ್ಲಿಗೆ ಬಂದ ಕೌಶಿಕನಿಗೆ ಹೇಳುತ್ತಾನೆ, ನೇಗಿಲು ಹೂಡಿದಾಗ ನೆಲದೊಳಗಿನ ಜೀವಗಳು ಸಾಯುವುದಿಲ್ಲವೇ ಎಂದು. ನಮ್ಮ ತಟ್ಟೆಯ ಸೋನಾಮಸೂರಿಯ ಹಿಂದೆಯೂ ಸತ್ತ ಎರೆಹುಳಗಳಿವೆ ಎಂದಾಯಿತು. ಮಾತು ನಿಜ. ಆದರೆ ನಿಜವಾದ ಮಾತನ್ನೂ ನೆಪವಾಗಿ ಬಳಸಬಹುದು. ಹೇಗೂ ಸಾಯುತ್ತವೆ, ಇನ್ನಷ್ಟು ಸತ್ತರೇನು ಎಂದು ಧರ್ಮವ್ಯಾಧ ಹೇಳಲಿಲ್ಲ.

ಆದ್ದರಿಂದ ನಮ್ಮ ಮನೆಯಲ್ಲಿ ಒಂದು ನಿಯಮ ಮಾಡಿದ್ದೇವೆ. ಚಿರೋಟಿಗೆ ಊಟ ಹಾಕುವವರು ಹುಳವನ್ನು ಕೈಯಿಂದಲೇ ಎತ್ತಿಕೊಳ್ಳಬೇಕು, ತೊಳೆಯಬೇಕು, ಆಮೇಲೆ ಮೊಂಡು ತುದಿಯ ಇಕ್ಕಳದಲ್ಲಿ ಹಿಡಿದು ಅದರ ಮುಂದೆ ಇಳಿಬಿಡಬೇಕು. ಮುಖ ತಿರುಗಿಸಿಕೊಂಡು ಎಸೆಯುವಂತಿಲ್ಲ. ಹುಳದ ಡಬ್ಬಿಗೆ ಗ್ಯಾರೇಜಿನಲ್ಲಿ ಹಳೆಯ ಸಣ್ಣ ಫ್ರಿಜ್ ಇದೆ, ಮೊಸರಿನ ಪಕ್ಕದಲ್ಲಿ ಇಡುವುದು ಅತ್ತೆಯವರಿಗಷ್ಟೇ ಅಲ್ಲ, ನನಗೂ ಆಗದು. ಎಷ್ಟು ಬೇಕೋ ಅಷ್ಟೇ ತರುವುದು, ಒಣಗಿ ಸಾಯಲು ಬಿಡದೆ ತೇವದ ಮಣ್ಣಿನಲ್ಲಿ ಇಡುವುದು. ಮಗಳು ಅವಕ್ಕೂ ಒಂದು ಚೂರು ಕ್ಯಾರಟ್ ಹಾಕುತ್ತಾಳೆ. ನಾನು ಹೇಳಿಕೊಟ್ಟದ್ದಲ್ಲ.

ಅವಳೇ ಒಂದು ದಿನ ಹುಳ ತೊಳೆಯುತ್ತಾ ಕೇಳಿದಳು. "ಅಮ್ಮಾ, ಚಿರೋಟಿಗೆ ಹುಳ ಕೊಡೋದು ತಪ್ಪಲ್ಲ ಅಂತೀಯ. ಹಾಗಾದರೆ ನಾನು ಸ್ಕೂಲಲ್ಲಿ ಚಿಕನ್ ತಿಂದರೆ ಯಾಕೆ ತಪ್ಪು?" ಯಜಮಾನರು ತಟಕ್ಕನೆ ಪತ್ರಿಕೆಯಲ್ಲಿ ಮುಖ ಹುದುಗಿಸಿದರು. ಈ ಪ್ರಶ್ನೆ ಈ ದೇಶದಲ್ಲಿ ನಮ್ಮಂಥವರ ಪ್ರತಿ ಮನೆಗೂ ಒಂದಲ್ಲ ಒಂದು ದಿನ ಬರುವುದೇ, ಆಕ್ಸಲಾಟಲ್ ಇರಲಿ ಬಿಡಲಿ. ನಾನು ಹೇಳಿದ್ದು ಇಷ್ಟು: ಅದಕ್ಕೆ ಬೇರೆ ದಾರಿಯಿಲ್ಲ, ನಮಗಿದೆ. ದಾರಿ ಇದ್ದುದರಿಂದ ನಿನ್ನ ಅಜ್ಜಿ, ಅವರ ಅಮ್ಮ ಒಂದನ್ನು ಆರಿಸಿಕೊಂಡರು, ನಾನೂ ಅದನ್ನೇ ಆರಿಸಿಕೊಂಡೆ. ದೊಡ್ಡವಳಾದ ಮೇಲೆ ನೀನು ಬೇರೆ ದಾರಿ ಹಿಡಿಯಬಹುದು, ಆಗ ತಟ್ಟೆಯಲ್ಲಿ ಇರುವುದೇನು ಎಂದು ಗೊತ್ತಿದ್ದು ತಿನ್ನು, ಈಗ ಹುಳ ಹಿಡಿದಿದ್ದೀಯಲ್ಲ, ಹಾಗೆ. ಅವಳಿಗೆ ಒಪ್ಪಿಗೆಯಾಯಿತೋ ಇಲ್ಲವೋ, "ಸರಿ" ಎಂದು ಇಕ್ಕಳ ತೆಗೆದುಕೊಂಡು ಹೋದಳು.

ಅತ್ತೆಯವರು ಕೊನೆಯವರೆಗೂ ಒಪ್ಪಲಿಲ್ಲ. ಹುಳ ಹಾಕುವ ಹೊತ್ತಿಗೆ ಒಳಗೆ ಹೋಗಿಬಿಡುತ್ತಿದ್ದರು. ಆದರೆ ಬೇಸಿಗೆಯ ಒಂದು ಮಧ್ಯಾಹ್ನ ಹೊರಗೆ ನಲವತ್ತು ಡಿಗ್ರಿ, ನಾವಿಬ್ಬರೂ ಆಫೀಸಿನಲ್ಲಿ. ತೊಟ್ಟಿಯ ನೀರು ಹದಿನಾರರಿಂದ ಹದಿನೆಂಟು ಡಿಗ್ರಿ ಇರಬೇಕಾದ್ದು ಇಪ್ಪತ್ನಾಲ್ಕು ದಾಟಿದರೆ ಅದರ ಜೀವಕ್ಕೇ ಅಪಾಯ, ಊಟವನ್ನೂ ಬಿಟ್ಟುಬಿಡುತ್ತದೆ. ಮಗಳು ಹೇಳಿಕೊಟ್ಟಿದ್ದಂತೆ ಫ್ರೀಜರಿನಿಂದ ಮಂಜುಗಟ್ಟಿದ ನೀರಿನ ಬಾಟಲಿಗಳನ್ನು ತಂದು ತಾಸಿಗೊಮ್ಮೆ ತೊಟ್ಟಿಯಲ್ಲಿ ತೇಲಿಬಿಟ್ಟು ಕಾಪಾಡಿದವರು ಅವರೇ. ಇನ್ನೊಂದು ಮಾತು ಕೇಳಿಕೊಂಡಿದ್ದರು: "ನಾನಿರೋ ತನಕ ಏಕಾದಶಿ ದಿನ ಬೇಡ ಕಣಮ್ಮ." ಬೆಳೆದ ಆಕ್ಸಲಾಟಲ್ ಎರಡು ಮೂರು ದಿನಕ್ಕೊಮ್ಮೆ ಉಣ್ಣುವ ಪ್ರಾಣಿ, ಒಂದು ದಿನ ಆಚೀಚೆಯಾದರೆ ಅದಕ್ಕೆ ಏನೂ ನಷ್ಟವಿಲ್ಲ. ಆರು ತಿಂಗಳು ಚಿರೋಟಿ ತಪ್ಪದೆ ಏಕಾದಶಿ ಮಾಡಿತು. ಅನ್ನ ತಿನ್ನಿಸು ಎಂದಿದ್ದರೆ ನಾನು ಕೇಳುತ್ತಿರಲಿಲ್ಲ, ಅದು ಅದರ ಹೊಟ್ಟೆಯ ಮೇಲೆ ಹೊಡೆದು ನಮ್ಮ ಪುಣ್ಯ ಕಟ್ಟಿಕೊಂಡಂತೆ. ಇದರಲ್ಲಿ ಅತ್ತೆಯವರ ಮನಸ್ಸಿಗೆ ನೆಮ್ಮದಿ, ಅದಕ್ಕೆ ಬಾಧೆಯಿಲ್ಲ.

ಇದನ್ನೆಲ್ಲ ಈಗ ಬರೆಯಲು ಇನ್ನೂ ಒಂದು ಕಾರಣವುಂಟು. ಡಿಸೆಂಬರಿನಲ್ಲಿ ನಾವು ಐದು ವಾರ ಊರಿಗೆ ಹೊರಟಿದ್ದೇವೆ. ಆರೋಗ್ಯವಾಗಿರುವ ಆಕ್ಸಲಾಟಲ್ ಒಂದು ವಾರ ಊಟವಿಲ್ಲದೆ ತಡೆದೀತು, ಐದು ವಾರ ಆಗದು. ಸದಸ್ಯ ಕುಟುಂಬಗಳಲ್ಲಿ ಯಾರಾದರೂ ವಾರಕ್ಕೆ ಮೂರು ಸಲ ನಮ್ಮ ಮನೆಗೆ ಬಂದು ಹೋಗಲು ಸಾಧ್ಯವಾದರೆ ಬಹಳ ಉಪಕಾರವಾಗುತ್ತದೆ. ಮಕ್ಕಳಿರುವ ಮನೆಯವರಾದರೆ ಇನ್ನೂ ಸಂತೋಷ. ಇಕ್ಕಳ, ಮಂಜಿನ ಬಾಟಲಿ, ಹುಳದ ಡಬ್ಬಿ, ಅದಕ್ಕೆ ಹಾಕುವ ಕ್ಯಾರಟ್, ಎಲ್ಲ ಎಲ್ಲೆಲ್ಲಿದೆ ಎಂದು ಮಗಳು ಕನ್ನಡದಲ್ಲೇ ಪಟ್ಟಿ ಬರೆದು ಗ್ಯಾರೇಜಿನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಕಾಗುಣಿತದ ತಪ್ಪುಗಳನ್ನು ಕ್ಷಮಿಸಬೇಕು. ತಿನ್ನದೆ ಬಿಟ್ಟದ್ದನ್ನು ಇಪ್ಪತ್ತು ನಿಮಿಷದೊಳಗೆ ತೆಗೆಯದಿದ್ದರೆ ನೀರು ಕೆಡುತ್ತದೆ ಎಂಬ ಸಾಲಿನ ಕೆಳಗೆ ಅವಳು ಎರಡು ಗೆರೆ ಎಳೆದಿದ್ದಾಳೆ, ಅದನ್ನು ಮಾತ್ರ ಮರೆಯಬೇಡಿ. ಬರಲು ಒಪ್ಪುವವರು ದೀಪಾವಳಿ ಊಟದ ದಿನ ನನ್ನನ್ನು ಕಂಡು ಒಂದು ಮಾತು ಹೇಳಿದರೆ ಸಾಕು, ಬೀಗದ ಕೈ ತಂದು ಕೊಡುತ್ತೇನೆ.